ಬಳ್ಳಾರಿ ರ‍್ಯಾಪಿಗೆ ಯಾವ ಡಿಲೇ?

90 ಬಿಪಿಎಂ (ನಿಮಿಷಕ್ಕೆ 90) ಬೀಟು, ಒಂದೇ ಟೇಕು, ಅದರ ಮೇಲೆ ಮೂರು ಬಗೆಯ ಡಿಲೇ, ಅಂದರೆ ದನಿಯನ್ನು ಚೂರು ತಡವಾಗಿ ಮತ್ತೆ ಕೇಳಿಸುವ ಎಫೆಕ್ಟ್. ಹಾಡಿದವನು ಇಲ್ಲೇ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಗೆಳೆಯ. ಬಾಯಿ ತೆರೆದರೆ ಉಸಿರು ಬಿಡುವುದಿಲ್ಲ. ಹೊಸ ಪ್ಲಗಿನ್ ಕೊಂಡಿಲ್ಲ, ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್‌ ಜೊತೆ ಬರುವ ರಿಯಾಡಿಲೇ ಸಾಕಾಯಿತು.

ಮೊದಲು ಸ್ಲ್ಯಾಪ್‌ಬ್ಯಾಕ್. 1950ರ ದಶಕದಲ್ಲಿ ಟೇಪ್ ಯಂತ್ರದ ರೆಕಾರ್ಡ್ ಹೆಡ್ಡಿಗೂ ಪ್ಲೇಬ್ಯಾಕ್ ಹೆಡ್ಡಿಗೂ ಇದ್ದ ಅಂತರದಿಂದ ಹುಟ್ಟಿದ ಮಾರ್ದನಿ ಇದು. 100 ಮಿಲಿಸೆಕೆಂಡಿಗಿಟ್ಟು ಫೀಡ್‌ಬ್ಯಾಕ್ ಸೊನ್ನೆ ಮಾಡಿದೆ, ಮಾರ್ದನಿ ಒಂದೇ ಸಲ ಬರಲಿ ಅಂತ. ದನಿಗೆ ಮೈ ಬಂತು, ಆದರೆ ಮಾತು ಮಸುಕಾಯಿತು. ‘ಕಟ್ಟಿ’, ‘ಹೊಕ್ಕಿ’ ಅನ್ನುವಾಗ ಒತ್ತಿಗೆ ಮುಂಚೆ ದನಿ ಒಂದು ಚೂರು ನಿಲ್ಲುತ್ತದಲ್ಲ, ಒತ್ತಿನ ಬಲವೆಲ್ಲ ಆ ಮೌನದ್ದು. ಹಿಂದಿನ ಸ್ವರದ ಮಾರ್ದನಿ ಸರಿಯಾಗಿ ಅದೇ ಸಂದಿಗೆ ಬಂದು ಕೂರುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಒತ್ತು ಸತ್ತರೆ ಇನ್ನೇನು ಉಳಿಯಿತು?

ಪಿಂಗ್-ಪಾಂಗ್ ಹೆಡ್‌ಫೋನಿನಲ್ಲಿ ಭಾರೀ ಮಜಾ. 333 ಮಿಲಿಸೆಕೆಂಡಿಗೊಮ್ಮೆ ಎಡಕ್ಕೊಂದು, ಬಲಕ್ಕೊಂದು. ಅದೇ ಮಿಕ್ಸನ್ನು ಒಂದೇ ಸ್ಪೀಕರಿನ ಆಟೊದಲ್ಲಿ ಹಾಕಿದರೆ ಎಡ-ಬಲ ಒಂದಾಗಿ ಬರೀ ಗದ್ದಲ. ‘ನನ್ನ ಹಿಂದ ಇನ್ನೊಬ್ಬ ನಿಂತು ಅಣಕಸಾಕತ್ತಾನ ನೋಡಲೇ’ ಅಂದ ಗೆಳೆಯ. ಬಿಸಿಲಿಗೆ ತಡೆಯದೆ ಹಾಕಿಕೊಂಡಿದ್ದ ಫ್ಯಾನಿನ ಗುಂಯ್‌ ಕೂಡ ಡಿಲೇಯಲ್ಲಿ ಸುತ್ತಿ ಬರುತ್ತಿತ್ತು. 300 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿದ ಮೇಲೆ ಅಷ್ಟಿಷ್ಟು ತಗ್ಗಿತು.

ನನಗೆ ಒಪ್ಪಿದ್ದು ಥ್ರೋ. ಡಿಲೇಯನ್ನು ಬೇರೆ ಟ್ರ್ಯಾಕಿನಲ್ಲಿಟ್ಟು, ಸಾಲಿನ ಕೊನೇ ಪದ ಬಂದಾಗ ಮಾತ್ರ ಸೆಂಡ್ (ಆ ಟ್ರ್ಯಾಕಿಗೆ ದನಿ ಕಳಿಸುವ ಮಟ್ಟ) ಎತ್ತುವುದು. ಮಾರ್ದನಿ 667 ಮಿಲಿಸೆಕೆಂಡಿಗೆ, ಅಂದರೆ ಸರಿಯಾಗಿ ಒಂದು ಬೀಟಿಗೆ. 4000 ಹರ್ಟ್ಸ್ ಮೇಲಿನದಕ್ಕೆ ಕತ್ತರಿ. ‘ಐತಿ’, ‘ಬಾರಲೇ’ ಅಂತ ಸಾಲುಗಳು ಸ್ವರದಲ್ಲೇ ಮುಗಿಯುವುದರಿಂದ ಬಾಲ ನಯವಾಗಿ ಎಳೆದುಕೊಂಡು ಹೋಗುತ್ತದೆ. ನಡುವಿನ ಪದಗಳೆಲ್ಲ ಮಾರ್ದನಿಯಿಲ್ಲದೆ ಖಡಕ್ಕಾಗಿಯೇ ಇರುತ್ತವೆ. ಸೆಂಡ್ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಅಂತ ಪ್ರತಿ ಸಾಲಿಗೂ ಆಟೊಮೇಷನ್ ಗೆರೆ ಎಳೆಯಬೇಕು, ಬೇಜಾರಿನ ಕೆಲಸ. ಇನ್ನೊಂದು ತೊಡಕು: ಸಾಲಿನ ಕೊನೆಗೆ ಜಾಗವೇ ಇಲ್ಲದಿದ್ದರೆ ಮಾರ್ದನಿ ಮುಂದಿನ ಸಾಲಿನ ತಲೆ ಮೇಲೆ ಬೀಳುತ್ತದೆ. ಅದಕ್ಕೇ ಕೆಲವು ಸಾಲುಗಳಲ್ಲಿ ಒಂದೆರಡು ಪದ ಕಿತ್ತು, ಕೊನೇ ಬೀಟು ಖಾಲಿ ಬಿಡಿಸಿದೆ. ಅವನು ಮೊದಲು ಗುರ್ ಅಂದ, ಆಮೇಲೆ ‘ಉಸುರು ತಗೊಳ್ಳಾಕರ ಜಾಗ ಸಿಕ್ತು’ ಅಂದ.

ಈಗ ಚರಣಕ್ಕೆಲ್ಲ ಥ್ರೋ. ಪಲ್ಲವಿಯನ್ನು ನಿಧಾನವಾಗಿ ಎಳೆದು ಹಾಡುತ್ತಾನೆ, ಅಲ್ಲಿ ಸ್ಲ್ಯಾಪ್‌ಬ್ಯಾಕ್ ಚೆನ್ನಾಗಿ ಕೂರುತ್ತದೆ. ಪಿಂಗ್-ಪಾಂಗ್ ನಡುನಡುವೆ ಅವನು ಎಸೆಯುವ ‘ಹೌದಲೇ’ಗಷ್ಟೇ, ಅದೂ ಎಡ-ಬಲದ ಅಗಲ ಅರ್ಧಕ್ಕಿಳಿಸಿ.