ರ‍್ಯಾಗಿಂಗ್ ಸಹಾಯವಾಣಿ 1800-180-5522: ದೂರು ಮುಟ್ಟಿಸುತ್ತದೆ, ರಕ್ಷಣೆಗೆ ಓಡಿ ಬರುವುದಿಲ್ಲ

ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಈ ಸಹಾಯವಾಣಿ ದಿನದ 24 ಗಂಟೆಯೂ ಇರುವ ಉಚಿತ ಸೇವೆ. ಕಾಲೇಜಿನ ಗೋಡೆಯೊಳಗೇ ಮುಚ್ಚಿಹೋಗಬಹುದಾದ ದೂರನ್ನು ಹೊರಗಿನವರ ಕಣ್ಣಿಗೆ ಬೀಳಿಸುವುದು ಇದರ ದೊಡ್ಡ ಗುಣ. ಆದರೆ ಕೋಣೆಯಲ್ಲಿ ಕೂಡಿಹಾಕಿದ್ದಾರೆ, ಹೊಡೆಯುತ್ತಿದ್ದಾರೆ ಎಂಬ ಹೊತ್ತಿಗೆ ಇದನ್ನು ನೆಚ್ಚಬೇಡಿ. ಆಗ ಮೊದಲ ಕರೆ ತುರ್ತು ಸಂಖ್ಯೆ 112ಕ್ಕೇ ಹೋಗಬೇಕು. ಜಿಪಿಎಸ್ ಮಹಡಿ ಯಾವುದೆಂದು ಹೇಳುವುದಿಲ್ಲ, ದೊಡ್ಡ ಕ್ಯಾಂಪಸ್‌ಗೆ ನಾಲ್ಕಾರು ಗೇಟುಗಳಿರುತ್ತವೆ. ಹಾಗಾಗಿ ಹಾಸ್ಟೆಲ್ ಬ್ಲಾಕ್, ಮಹಡಿ, ಕೊಠಡಿ ಸಂಖ್ಯೆ, ಯಾವ ಗೇಟಿನಿಂದ ಹತ್ತಿರ, ಈ ನಾಲ್ಕನ್ನೂ ಹೇಳಲೇಬೇಕು. ಇಲ್ಲದಿದ್ದರೆ ಪೊಲೀಸ್ ಗಾಡಿ ಮುಖ್ಯ ಗೇಟಿನಲ್ಲೇ ವಿಚಾರಿಸುತ್ತ ನಿಲ್ಲುತ್ತದೆ.

2009ರ ಮಾರ್ಚ್‌ನಲ್ಲಿ ಹಿಮಾಚಲದ ಟಾಂಡಾ ವೈದ್ಯಕೀಯ ಕಾಲೇಜಿನಲ್ಲಿ ಸೀನಿಯರ್‌ಗಳ ಹೊಡೆತಕ್ಕೆ ಅಮನ್ ಕಾಚ್ರೂ ಎಂಬ ವಿದ್ಯಾರ್ಥಿ ಸತ್ತ. ಯುಜಿಸಿಯ ರ‍್ಯಾಗಿಂಗ್ ತಡೆ ನಿಯಮಾವಳಿ ಬಂದದ್ದು ಅದೇ ವರ್ಷ. ಅದರ ಪ್ರಕಾರ ಸಹಾಯವಾಣಿಗೆ ಬಂದ ದೂರು ಪ್ರಾಂಶುಪಾಲರು, ವಾರ್ಡನ್, ವಿಶ್ವವಿದ್ಯಾಲಯದ ನೋಡಲ್ ಅಧಿಕಾರಿ ಮತ್ತು ಜಿಲ್ಲಾಡಳಿತಕ್ಕೆ ಏಕಕಾಲದಲ್ಲಿ ಹೋಗಬೇಕು, ಅಗತ್ಯವಿದ್ದರೆ ಎಸ್‌ಪಿಗೂ. ಈ ‘ಏಕಕಾಲದಲ್ಲಿ’ ಎಂಬುದರಲ್ಲೇ ಸೇವೆಯ ಜೀವವಿದೆ. ವಾರ್ಡನ್ ಒಬ್ಬರಿಗೇ ಹೇಳಿದ ಮಾತು ವಾರ್ಡನ್ ಕೋಣೆಯಲ್ಲೇ ಉಳಿಯಬಹುದು. ಇಲ್ಲಿ ಹೇಳಿದ್ದು ಹಾಗೆ ಉಳಿಯದು.

ಕೆಡುವುದು ಎಲ್ಲಿ? ಬಹುಪಾಲು ದೂರಿನ ಒಕ್ಕಣೆಯಲ್ಲಿ. ‘ಸೀನಿಯರ್‌ಗಳು ತೊಂದರೆ ಕೊಡುತ್ತಿದ್ದಾರೆ’ ಎಂದಷ್ಟೇ ಬರೆಸಿದರೆ ಕಾಲೇಜು ವಿಚಾರಿಸಿದಂತೆ ಮಾಡಿ ‘ಅಂಥದ್ದೇನೂ ಇಲ್ಲ’ ಎಂದು ಉತ್ತರ ಕಳಿಸುವುದು ತೀರ ಸುಲಭ. ದಿನಾಂಕ, ಗಂಟೆ, ಜಾಗ, ಮಾಡಿದವರ ಹೆಸರು ಇಲ್ಲವೇ ಸೆಮಿಸ್ಟರ್ ಮತ್ತು ವಿಭಾಗ, ಆಡಿದ ಮಾತು ಆಡಿದಂತೆಯೇ, ಕಂಡವರು ಯಾರು, ಇವೆಲ್ಲ ದೂರಿನಲ್ಲಿರಲಿ. ಪೆಟ್ಟಾಗಿದ್ದರೆ ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ (ಪೊಲೀಸ್ ಪ್ರಕರಣಕ್ಕೆ ಬೇಕಾದ ವೈದ್ಯಕೀಯ ದಾಖಲೆ) ಮಾಡಿಸಿ. ಗಾಯ ಮಾಗುತ್ತದೆ, ದಾಖಲೆ ಉಳಿಯುತ್ತದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಬೆದರಿಸಿದ್ದರೆ ಕಳಿಸಿದವರ ನಂಬರ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಮನೆಯವರಿಗೆ ಕಳಿಸಿಡಿ, ಏಕೆಂದರೆ ಫೋನ್ ಕಿತ್ತುಕೊಂಡು ಅಳಿಸಿಹಾಕುವುದು ಅಪರೂಪವಲ್ಲ. ಕೊನೆಗೆ ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ಅದಿಲ್ಲದೆ ಬೆನ್ನುಹತ್ತಲು ದಾರಿಯಿಲ್ಲ.

ಎರಡನೆಯ ಕೊರತೆ ವ್ಯವಸ್ಥೆಯದೇ. ಎಷ್ಟು ಕಡೆಗೆ ಮಾಹಿತಿ ಹೋದರೂ ವಿಚಾರಣೆ ನಡೆಸುವುದು ಮತ್ತೆ ಅದೇ ಕಾಲೇಜಿನ ರ‍್ಯಾಗಿಂಗ್ ತಡೆ ಸಮಿತಿ. ಹೆಸರು ಕೆಡುವ ಭಯ ಇರುವವರ ಕೈಯಲ್ಲೇ ತನಿಖೆ! ಇದನ್ನು ಸರಿಪಡಿಸದೆ ಸೇವೆಗೆ ಪೂರ್ಣ ಅಂಕ ಕೊಡಲಾಗದು. ಅಲ್ಲಿಯವರೆಗೆ ವಿದ್ಯಾರ್ಥಿಯ ಕೈಯಲ್ಲಿರುವ ಬಲ ನಿಯಮದ ಗಡುವುಗಳು. ನಡೆದದ್ದು ದಂಡನೀಯ ಅಪರಾಧವಾಗಿದ್ದರೆ, ವಿಷಯ ತಿಳಿದ 24 ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರು ಎಫ್‌ಐಆರ್ ದಾಖಲಿಸಬೇಕು. ಪೊಲೀಸರ ತನಿಖೆಗೆ ಕಾಯದೆ ಕಾಲೇಜು ತನ್ನ ಕ್ರಮವನ್ನು 7 ದಿನದೊಳಗೆ ಮುಗಿಸಬೇಕು. ‘ಒಳಗೇ ರಾಜಿ ಮಾಡಿಸೋಣ’ ಎಂಬ ಮಾತು ಬಂದರೆ ಈ ಎರಡು ಗಡುವನ್ನು ಉಲ್ಲೇಖಿಸಿ ಇಮೇಲ್ ಬರೆಯಿರಿ. ಬಾಯಿಮಾತಿಗೆ ಉತ್ತರ ಕೊಡದವರೂ ಬರಹಕ್ಕೆ ಕೊಡುತ್ತಾರೆ.

ಕರ್ನಾಟಕದಲ್ಲಿ 1983ರ ಶಿಕ್ಷಣ ಕಾಯ್ದೆಯ 116ನೇ ಸೆಕ್ಷನ್ ರ‍್ಯಾಗಿಂಗ್‌ಗೆ ಒಂದು ವರ್ಷದವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ಹೇಳುತ್ತದೆ. ಇಂದಿನ ಕಾಲಕ್ಕೆ ಈ ದಂಡ ಏನೇನೂ ಸಾಲದು. ಆದ್ದರಿಂದ ಹೊಡೆದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 115(2), ಕೂಡಿಹಾಕಿದ್ದರೆ 127, ಬೆದರಿಸಿದ್ದರೆ 351ನೇ ಸೆಕ್ಷನ್ ಕೂಡ ಎಫ್‌ಐಆರ್‌ನಲ್ಲಿ ಇದೆಯೇ ಎಂದು ಪ್ರತಿ ಪಡೆದು ಓದಿ. ಜಾತಿ, ಪ್ರದೇಶ, ಭಾಷೆ, ಮೈಬಣ್ಣ ಹಿಡಿದು ಹಂಗಿಸುವುದೂ ಯುಜಿಸಿ ನಿಯಮಾವಳಿಯ 2016ರ ತಿದ್ದುಪಡಿಯ ನಂತರ ರ‍್ಯಾಗಿಂಗ್ ವ್ಯಾಖ್ಯೆಯೊಳಗೆ ಬಂದಿದೆ. ‘ಬರೀ ತಮಾಷೆ’ ಎಂಬ ನೆಪ ನಿಲ್ಲದು. ಲೈಂಗಿಕ ಕಿರುಕುಳವಾದರೆ ಕಾಲೇಜಿನ ಆಂತರಿಕ ದೂರು ಸಮಿತಿಗೂ ಪ್ರತ್ಯೇಕವಾಗಿ, ಮೂರು ತಿಂಗಳೊಳಗೆ, ಲಿಖಿತ ದೂರು ಕೊಡಿ.

ನೊಂದವರೇ ಕರೆ ಮಾಡಬೇಕೆಂದಿಲ್ಲ. ಪಕ್ಕದ ಕೋಣೆಯವರೂ ಮಾಡಬಹುದು, ಅವರ ಗುರುತು ಕಾಪಾಡುವುದು ಸಂಸ್ಥೆಯ ಹೊಣೆ. ಇನ್ನು ಪೋಷಕರು ಸೀಟು ಪಡೆಯುವಾಗ ಕೇಳಬೇಕಾದದ್ದು ಒಂದಿದೆ: ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ ಹೊಸ ವಿದ್ಯಾರ್ಥಿಗಳಲ್ಲಿ ಹೆಸರಿಲ್ಲದ ಸಮೀಕ್ಷೆ ಮಾಡಬೇಕೆಂದು ನಿಯಮವಿದೆ. ಕಳೆದ ವರ್ಷದ್ದನ್ನು ತೋರಿಸಿ ಎನ್ನಿ. ತೋರಿಸಲು ತಡವರಿಸುವ ಕಾಲೇಜಿನಲ್ಲಿ ‘ರ‍್ಯಾಗಿಂಗ್ ಮಾಡುವುದಿಲ್ಲ’ ಎಂಬ ಮುಚ್ಚಳಿಕೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದರ ಆಚೆಗೆ ಕೆಲಸ ನಡೆದಿಲ್ಲ ಎಂದೇ ತಿಳಿಯಿರಿ.