ಪಿಕಪ್‌ನ ಅಡಿ ನೋಡದೆ ಹಳೇ ಗಿಟಾರ್ ತಗೋಬೇಡಿ

ಹಳೇ ಹಾಲೋ ಬಾಡಿ (ಟೊಳ್ಳು ಮೈಯ) ಗಿಟಾರ್ ಕೊಳ್ಳುವ ಯೋಚನೆ ಇದ್ದರೆ, ದುಡ್ಡು ಕೊಡುವ ಮುಂಚೆ ಇದನ್ನೊಮ್ಮೆ ಓದಿ. 9,000 ಡಾಲರ್ ಕೊಟ್ಟು 1958ರ ಗಿಬ್ಸನ್ ಇಎಸ್-175 ತಂದೆ. ಗಿಟಾರ್ ಅಸಲಿ. ಅದರಲ್ಲಿದ್ದ ಎರಡು ಪಿಕಪ್ಪೂ, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗಗಳು, ನಕಲಿ. ಅದು ಗೊತ್ತಾಗಿದ್ದು ಎರಡು ತಿಂಗಳಾದ ಮೇಲೆ.

ನಾನಿರುವುದು ಮಿಶಿಗನ್‌ನಲ್ಲಿ. 1984ರವರೆಗೆ ಗಿಬ್ಸನ್ ಗಿಟಾರ್‌ಗಳು ತಯಾರಾಗುತ್ತಿದ್ದ ಕಲಮಜೂ ನಮ್ಮ ಮನೆಯಿಂದ ಎರಡು ಗಂಟೆ ದಾರಿ. ಪಾರ್ಸನ್ಸ್ ಸ್ಟ್ರೀಟ್‌ನ ಆ ಹಳೇ ಕಾರ್ಖಾನೆಯ ಚಿಮಣಿ ನೋಡಿಕೊಂಡು ಬಂದಮೇಲೆ ತಲೆಗೆ ಹುಳ ಹೊಕ್ಕಿತು. ಜಾಝ್ ಗಿಟಾರ್ ವಾದಕ ಜೋ ಪಾಸ್ ನುಡಿಸುತ್ತಿದ್ದದ್ದು ಇಎಸ್-175. ಇನ್ನೊಬ್ಬ ಜಾಝ್ ವಾದಕ ಪ್ಯಾಟ್ ಮೆಥೀನಿ ವರ್ಷಾನುಗಟ್ಟಲೆ ಹಿಡಿದಿದ್ದೂ 1958ರ ಇಎಸ್-175. ಮೇಪಲ್ ಪದರಗಳನ್ನು ಅಂಟಿಸಿ ಮಾಡಿದ ಟೊಳ್ಳು ಮೈ, ಅದರಿಂದ ಬರುವ ಆ ಗುಂಡನೆಯ ನಾದ. ಸ್ವರ ಹುಟ್ಟಿದ ಕೂಡಲೇ ತುಂಬಿಕೊಂಡು, ಹೆಚ್ಚು ಹೊತ್ತು ಎಳೆಯದೆ ಇಳಿದುಬಿಡುತ್ತದೆ. ಒಂದ್ಸಲ ಕಿವಿಗೆ ಬಿದ್ದರೆ ಬಿಡೋದಿಲ್ಲ.

ಈ ಮಾದರಿ ಮೊದಲು ಬಂದಿದ್ದು 1949ರಲ್ಲಿ. ಮೊದಲು ಇದಕ್ಕೆ ಪಿ-90 ಎಂಬ ಒಂದೇ ಸುರುಳಿಯ ಪಿಕಪ್ ಹಾಕುತ್ತಿದ್ದರು. ನಾದ ಚೆಂದ, ಆದರೆ ಹಿಂದಿನಿಂದ ಯಾವಾಗಲೂ ಒಂದು ಗುಂಯ್ ಸದ್ದು. ಗಿಬ್ಸನ್‌ನಲ್ಲಿದ್ದ ಸೆತ್ ಲವರ್ ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ ಆ ಸದ್ದು ತನಗೆ ತಾನೇ ಅಳಿಯುವ ಹಾಗೆ ಮಾಡಿದರು. ಅದೇ ಹಮ್‌ಬಕರ್. 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, ಪೇಟೆಂಟ್ ಸಿಕ್ಕಿದ್ದು 1959ರಲ್ಲಿ. 1957ರಿಂದ 1962ರ ಸುಮಾರಿನವರೆಗೆ ಪಿಕಪ್‌ನ ಅಡಿಗೆ 'ಪೇಟೆಂಟ್ ಅಪ್ಲೈಡ್ ಫಾರ್' ಅಂತ ಚಿನ್ನದ ಬಣ್ಣದ ಅಕ್ಷರದ ಕಪ್ಪು ಚೀಟಿ ಅಂಟಿಸುತ್ತಿದ್ದರು. ಆ ಮೂರು ಪದಗಳಿಂದಲೇ ಇವಕ್ಕೆ ಪಿಎಎಫ್ ಅಂತ ಹೆಸರು. ಇವತ್ತು ಅಸಲಿ ಪಿಎಎಫ್ ಒಂದಕ್ಕೇ ಸಾವಿರಾರು ಡಾಲರ್. ಕಳ್ಳತನಕ್ಕೆ ಕಾರಣ ಬೇರೆ ಬೇಕಾ?

ನಾನೇನೂ ಕಣ್ಣು ಮುಚ್ಚಿಕೊಂಡು ಹೋದವನಲ್ಲ. ಮಲ್ಟಿಮೀಟರ್ ಜೇಬಲ್ಲಿ ಇಟ್ಟುಕೊಂಡೇ ಹೋಗಿದ್ದೆ. ವ್ಯಾಪಾರಿ ಪಕ್ಕದ ರಾಜ್ಯದವರು, ತುಂಬ ಮರ್ಯಾದಸ್ಥರ ಥರ ಕಂಡರು. ಎಫ್ ಆಕಾರದ ತೂತಿನೊಳಗೆ ದಂತವೈದ್ಯರ ಪುಟ್ಟ ಕನ್ನಡಿ ತೂರಿಸಿ, ಟಾರ್ಚ್ ಬಿಟ್ಟು, ಸದ್ದು ಹೆಚ್ಚುಕಮ್ಮಿ ಮಾಡುವ ವಾಲ್ಯೂಮ್ ಪಾಟ್‌ನ ಬೆನ್ನ ಮೇಲಿದ್ದ ಅಂಕಿ ತೋರಿಸಿದರು: 134832. ಮೊದಲ 134 ಅಂದರೆ ಸೆಂಟ್ರಾಲ್ಯಾಬ್ ಕಂಪನಿ, 8 ಅಂದರೆ 1958, 32 ಅಂದರೆ ಆ ವರ್ಷದ 32ನೇ ವಾರ. ಸರಿಯಾಗಿತ್ತು. ನೇರಳೆ (ಯುವಿ) ದೀಪ ಹಿಡಿದಾಗ ಮರದ ಮೇಲಿನ ಹಳೇ ಲ್ಯಾಕರ್ ಮೆರುಗು ಹಸಿರು ಹಳದಿಯಾಗಿ ಮಿನುಗಿತು. ಅದೂ ಸರಿ. ಕೇಬಲ್ ಸಿಕ್ಕಿಸಿ, ಅದರ ಇನ್ನೊಂದು ತುದಿಗೆ ಮೀಟರ್ ಹಿಡಿದು ಸುರುಳಿಯ ವಿದ್ಯುತ್ ತಡೆ ಅಳೆದೆ. ಕುತ್ತಿಗೆ ಕಡೆಯ ಪಿಕಪ್ 7.8 ಕಿಲೋ ಓಮ್, ಬ್ರಿಡ್ಜ್ (ತಂತಿಗಳು ಕೂರುವ ಮೆಟ್ಟು) ಕಡೆಯದು 8.1. ಪುಸ್ತಕದಲ್ಲಿರುವ ಹಾಗೇ ಇದೆ ಅಂತ ಒಳಗೊಳಗೇ ಹಿಗ್ಗಿದೆ.

ನಾನು ಎಡವಿದ್ದು ಅಲ್ಲೇ. ಅಸಲಿ ಪಿಎಎಫ್‌ಗಳು ಸುಮಾರು 7ರಿಂದ 9 ಕಿಲೋ ಓಮ್ ತೋರಿಸುತ್ತವೆ ಅನ್ನೋದು ನಿಜ. ಆದರೆ ಇವತ್ತು ಅಂಗಡಿಯಲ್ಲಿ ಸಿಗುವ ನೂರೆಂಟು ಹಮ್‌ಬಕರ್‌ಗಳೂ ಅಷ್ಟೇ ತೋರಿಸುತ್ತವೆ. ತಂತಿ ಎಷ್ಟು ಸುತ್ತಿದೆ ಅಂತ ಮೀಟರ್ ಅಂದಾಜು ಕೊಡುತ್ತದೆ, ಯಾರು, ಯಾವಾಗ ಸುತ್ತಿದರು ಅಂತ ಹೇಳೋದಿಲ್ಲ. ಪಿಕಪ್ ಬಿಚ್ಚಿ ನೋಡಬಹುದಾ ಅಂತ ಕೇಳಿದೆ. ಅರವತ್ತು ವರ್ಷದ ಹಳೇ ಪ್ಲಾಸ್ಟಿಕ್ಕು, ಪಿಕಪ್ ಸುತ್ತಲಿನ ರಿಂಗ್ ಒಡೆದರೆ ಯಾರು ಹೊಣೆ ಅಂದರು. ಹೌದಲ್ವಾ ಅಂತ ಸುಮ್ಮನಾದೆ. ಮೊಬೈಲ್‌ನಲ್ಲಿ ಕಪ್ಪು ಚೀಟಿಯ ಫೋಟೋ ತೋರಿಸಿದರು. ಅದನ್ನೇ ನಂಬಿದೆ.

ಎರಡು ತಿಂಗಳು ಖುಷಿಯಾಗಿ ನುಡಿಸಿದೆ. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಭಾವಗೀತೆಗೂ ಇದನ್ನೇ ನುಡಿಸಿದೆ. ಆಮೇಲೆ ಪಿಕಪ್ ಬದಲಿಸುವ ಸ್ವಿಚ್ ಕರಕರ ಅನ್ನತೊಡಗಿತು. ಈ ಗಿಟಾರ್‌ಗಳಿಗೆ ಹಿಂದೆ ಬಾಗಿಲಿರುವುದಿಲ್ಲ. ಸ್ವಿಚ್ಚೇ ಆಗಲಿ, ಪಾಟೇ ಆಗಲಿ, ದಾರ ಕಟ್ಟಿ ತೂತಿನಿಂದಲೇ ಎಳೆದು ತೆಗೆಯಬೇಕು, ಮತ್ತೆ ಅದೇ ದಾರ ಹಿಡಿದು ಒಳಗೆ ಸೇರಿಸಬೇಕು. ರಿಪೇರಿಯವರು ಕೈಗೆ ಜಾಗ ಬೇಕು ಅಂತ ಮೊದಲು ಬ್ರಿಡ್ಜ್ ಕಡೆಯ ಪಿಕಪ್ಪನ್ನೇ ಎತ್ತಿದರು. ಎತ್ತಿ, ತಿರುಗಿಸಿ, ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಚೀಟಿ ಹೊಸ ನೋಟಿನ ಹಾಗೆ ಪಳಪಳ. ಮೂಲೆಗೆ ಉಗುರು ಹಾಕಿದರು, ಸ್ಟಿಕ್ಕರ್ ಬೊಟ್ಟಿನ ಹಾಗೆ ಇಡಿಯಾಗಿ ಎದ್ದು ಬಂತು. ಅಸಲಿ ಚೀಟಿ ನೀರಲ್ಲಿ ನೆನೆಸಿ ಜಾರಿಸಿ ಅಂಟಿಸಿದ್ದು. ಅದನ್ನು ಕೆರೆದರೆ ಪುಡಿ ಉದುರುತ್ತದೆಯೇ ಹೊರತು ಹೀಗೆ ಏಳುವುದಿಲ್ಲ. ಅಡಿತಟ್ಟೆಯ ಎರಡು ಕಿವಿಗಳ ಮೇಲೆ ಎಲ್ ಆಕಾರದ ಅಚ್ಚಿನ ಗುರುತು ಇರಬೇಕಿತ್ತು, ಇರಲಿಲ್ಲ. ಮುಚ್ಚಳದ ಬೆಸುಗೆ ಹೊಳೆಯುತ್ತಿತ್ತು. ಎಲ್ಲಕ್ಕಿಂತ ಜಾಣತನದ ಕೆಲಸ ತಂತಿಯದು. ಪಾಟ್ ಕಡೆ ಹಳೇ ಹೆಣೆದ ಲೋಹದ ತಂತಿ ಹಾಗೇ ಬಿಟ್ಟಿದ್ದರು. ಅದು ಕನ್ನಡಿಯಲ್ಲಿ ಕಾಣುತ್ತದಲ್ಲ, ಅದಕ್ಕೆ. ಕಾಣದ ಜಾಗದಲ್ಲಿ, ಪಿಕಪ್‌ನ ಹತ್ತಿರ, ಬೂದು ಬಣ್ಣದ ಹೊಸ ಪ್ಲಾಸ್ಟಿಕ್ ತಂತಿಗೆ ಬೆಸೆದು, ಬೆಸುಗೆಯ ಮೇಲೆ ಕಪ್ಪು ಕೊಳವೆ ತೊಡಿಸಿದ್ದರು.

ಆಮೇಲೆ ಆಂಪ್ಲಿಫೈಯರ್ ಆನ್ ಮಾಡಿ, ಇನ್ನೊಂದು ಪಿಕಪ್‌ನ ಮುಚ್ಚಳವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರು. ಏನೂ ಕೇಳಿಸಲಿಲ್ಲ. ಆ ಕಾಲದಲ್ಲಿ ಸುರುಳಿಗಳನ್ನು ಮೇಣದಲ್ಲಿ ಅದ್ದುತ್ತಿರಲಿಲ್ಲ. ಹಾಗಾಗಿ ಹಳೇ ಪಿಎಎಫ್ ತಟ್ಟಿದರೆ ಸ್ಪೀಕರ್‌ನಲ್ಲಿ ಟಕ್ ಟಕ್ ಅನ್ನಬೇಕು. ಇದು ಮೇಣ ಕುಡಿದು ಮಲಗಿತ್ತು. ಯಾವ ಅಂಗಡಿಯಲ್ಲಾದರೂ, ಯಾರೂ ಬೇಡ ಅನ್ನದೆ, ಹತ್ತು ಸೆಕೆಂಡಿನಲ್ಲಿ ಮಾಡಬಹುದಾದ ಪರೀಕ್ಷೆ ಅದು. ನನಗೆ ಗೊತ್ತೇ ಇರಲಿಲ್ಲ.

ನಾಚಿಕೆಯ ಮಾತೊಂದು ಹೇಳಿಬಿಡುತ್ತೇನೆ. ಆ ಎರಡು ತಿಂಗಳು ನನ್ನ ಕಿವಿಗೆ ಯಾವ ಕೊರತೆಯೂ ಕಂಡಿರಲಿಲ್ಲ. ನಾದದ ಬಹುಪಾಲು ಆ ಮರದ ಮೈಯಿಂದಲೇ ಬರುತ್ತಿತ್ತು ಅನ್ನಿಸುತ್ತದೆ. ಈಗ ಮಾತ್ರ ಕುತ್ತಿಗೆ ಪಿಕಪ್ ಸ್ವಲ್ಪ ಮಂಕು ಅನ್ನಿಸುತ್ತದೆ. ಅದು ಕಿವಿಯ ಮಾತೋ ಹೊಟ್ಟೆಯುರಿಯ ಮಾತೋ ನಾನೇ ಹೇಳಲಾರೆ. ಜೇಬಿಗೆ ಬಿದ್ದ ಪೆಟ್ಟಿನ ಬಗ್ಗೆ ಅನುಮಾನವಿಲ್ಲ. ಈಗ ಮಾರಿದರೆ ಮೂರು ಸಾವಿರ ಡಾಲರ್ ಕಮ್ಮಿಯೇ ಅಂದರು ರಿಪೇರಿಯವರು. ವ್ಯಾಪಾರಿಗೆ ಫೋನ್ ಮಾಡಿದರೆ ರಸೀದಿ ಓದಿ ಅಂದರು. ಇದ್ದದ್ದು ಇದ್ದ ಹಾಗೆ ಮಾರಿದೆ ಅಂತ ಕೆಳಗೆ ಸಣ್ಣಕ್ಷರದಲ್ಲಿತ್ತು. 'ಮೂಲ ಪಿಎಎಫ್ ಪಿಕಪ್' ಅಂತ ರಸೀದಿಯಲ್ಲೇ ಬರೆಸಿಕೊಂಡಿದ್ದರೆ ನನ್ನ ಕೈಯಲ್ಲೂ ಒಂದು ಕಾಗದ ಇರುತ್ತಿತ್ತು.

ಚೀಟಿ ಒಂದನ್ನೇ ನೆಚ್ಚಬೇಡಿ. 1957ರ ಮೊದಮೊದಲ ಹಮ್‌ಬಕರ್‌ಗಳಿಗೆ ಚೀಟಿಯೇ ಇರಲಿಲ್ಲ. 1962ರ ನಂತರ ಅಂಟಿಸಿದ ಚೀಟಿಯಲ್ಲಿ 2,737,842 ಅಂತ ಪೇಟೆಂಟ್ ಸಂಖ್ಯೆ ಇದೆ. ಅದು ಪಿಕಪ್‌ನದ್ದೇ ಅಲ್ಲ, ಗಿಟಾರ್ ವಾದಕ ಲೆಸ್ ಪಾಲ್ ಅವರ ಟೇಲ್‌ಪೀಸ್‌ನದ್ದು, ಅಂದರೆ ತಂತಿಗಳ ತುದಿ ಸಿಕ್ಕಿಸುವ ಭಾಗದ್ದು! ಪಿಕಪ್‌ನ ನಿಜವಾದ ಸಂಖ್ಯೆ 2,896,491. ಹಾಗಾಗಿ 'ನಂಬರ್ ತಾಳೆಯಾಗ್ತಿಲ್ಲ, ನಕಲಿ' ಅಂತ ಅಸಲಿಯನ್ನು ಬಿಟ್ಟು ಬರುವವರೂ ಇರಬಹುದು.

ರೀಇಶ್ಯೂ, ಅಂದರೆ ಹಳೇ ಮಾದರಿಯನ್ನೇ ಮತ್ತೆ ತಯಾರಿಸಿದ ಗಿಟಾರ್, ಕೊಳ್ಳುವವರೂ ಮುಚ್ಚಳ ನೋಡಿ ನಂಬಬೇಡಿ. ಗ್ರೆಚ್ ಎಂಬ ಇನ್ನೊಂದು ಗಿಟಾರ್ ಕಂಪನಿಯ ಹಳೇ ಫಿಲ್ಟರ್‌ಟ್ರಾನ್ ಪಿಕಪ್ ರೇ ಬಟ್ಸ್ ರೂಪಿಸಿದ್ದು, ಸುಮಾರು 4 ಕಿಲೋ ಓಮ್ ಅಷ್ಟೇ, ಸದ್ದು ಗಾಜಿನಷ್ಟು ತಿಳಿ. 1989ರಿಂದ ಜಪಾನಿನಲ್ಲಿ ಗ್ರೆಚ್ ಗಿಟಾರ್ ಮತ್ತೆ ಮಾಡತೊಡಗಿದಾಗ ಆರಂಭದ ಗಿಟಾರ್‌ಗಳಲ್ಲಿ ಅದೇ ಥರದ ಮುಚ್ಚಳದ ಕೆಳಗೆ ಸೆರಾಮಿಕ್ ಅಯಸ್ಕಾಂತದ ಪಿಕಪ್ ಇರುತ್ತಿತ್ತು. ಅದು ಬೇರೆಯದೇ ಸದ್ದು. ಹಳೆಯದನ್ನು ಬಯಸಿ ಹೋಗುವವರು ಒಳಗೇನಿದೆ ಅಂತ ಕೇಳಿಯೇ ಮುಂದುವರಿಯಿರಿ.

ಊರಿಗೆ ಒಯ್ದು ಮಾರುವ ಲೆಕ್ಕಾಚಾರ ಇದ್ದವರಿಗೆ ಇನ್ನೊಂದು ತಲೆನೋವು. 50ರ ದಶಕದ ಗಿಬ್ಸನ್‌ಗಳ ಫ್ರೆಟ್‌ಬೋರ್ಡ್ (ಬೆರಳೊತ್ತುವ ಪಟ್ಟಿ) ಬ್ರೆಜಿಲ್‌ನ ರೋಸ್‌ವುಡ್. 1992ರಿಂದ ಪರವಾನಗಿ ಇಲ್ಲದೆ ಆ ಮರವನ್ನು ವ್ಯಾಪಾರಕ್ಕೆ ಗಡಿ ದಾಟಿಸುವಂತಿಲ್ಲ. 60ರ ದಶಕದ ಕೊನೆಯ ಹೊತ್ತಿಗೆ ಅದರ ಜಾಗಕ್ಕೆ ಬಂದದ್ದು ನಮ್ಮ ಕಡೆಯ ಬೀಟೆ ಮರ.

ಮೊನ್ನೆ ನೋಡಿದೆ, ಅದೇ ವ್ಯಾಪಾರಿ 1961ರ ಇನ್ನೊಂದು ಗಿಟಾರ್ ಮಾರಾಟಕ್ಕಿಟ್ಟಿದ್ದಾರೆ. ಹದಿನಾಲ್ಕು ಫೋಟೋ ಹಾಕಿದ್ದಾರೆ. ಪಾಟ್‌ನ ಅಂಕಿ ಇದೆ, ನೇರಳೆ ದೀಪದ್ದು ಇದೆ, ಮೀಟರ್‌ನದ್ದೂ ಇದೆ. ಪಿಕಪ್‌ನ ಅಡಿಯದ್ದು ಬರೀ ಚೀಟಿಯ ಫೋಟೋ, ಸುತ್ತಲಿನದೆಲ್ಲ ಕತ್ತರಿಸಿ ಹಾಕಿದ್ದಾರೆ.