ಬೆಳ್ಳಿಯ ಊಟಕ್ಕೆ ಕ್ಯಾಲ್ಸಿಯಂ: ರಾಗಿ, ಮೊಸರು, ಸಿರಪ್, ಮೊಟ್ಟೆ ಸಿಪ್ಪೆ ಎಲ್ಲಾ ಹಾಕಿ ನೋಡಿದೆ

ನಮ್ಮ ಬೆಳ್ಳಿ ನಾಡುನಾಯಿ. ನಾಲ್ಕು ವರ್ಷ, 18 ಕೆಜಿ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅವಳ ಊಟ ಅಂದರೆ ಅನ್ನ, ಕೋಳಿ, ಸ್ವಲ್ಪ ಕುಂಬಳಕಾಯಿ. ಮೊದಲು ಬೇಯಿಸಿದ ಮೂಳೆಯನ್ನೂ ಹಾಕುತ್ತಿದ್ದೆವು. ಹೋದ ವರ್ಷ ಜಡಿಮಳೆ ಹಿಡಿದ ಒಂದು ರಾತ್ರಿ ಕೋಳಿ ಕಾಲಿನ ಮೂಳೆ ಸೀಳಿ, ಅವಳ ಮೇಲ್ದವಡೆಗೆ ಅಡ್ಡ ಸಿಕ್ಕಿಕೊಂಡಿತು. ಬಾಯಿ ತುಂಬ ರಕ್ತ. ಅತ್ತೆ ಟಾರ್ಚ್ ಹಿಡಿದರು, ನಾನು ಬೆರಳು ಹಾಕಿ ತೆಗೆದೆ. ಸೂಜಿ ಹಾಗಿತ್ತು ಆ ಚೂರು. ಅವತ್ತಿಗೆ ನಮ್ಮ ಮನೆಯಲ್ಲಿ ಮೂಳೆ ಹಾಕುವುದು ನಿಂತಿತು.

ಮೂಳೆ ನಿಂತ ಮೇಲೆ ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? ಕೂತು ಲೆಕ್ಕ ಹಾಕಿದೆ. ಬೆಳ್ಳಿಯ ತೂಕದ ನಾಯಿಗೆ ದಿನಕ್ಕೆ ಹತ್ತಿರ ಹತ್ತಿರ 1000 ಕ್ಯಾಲೊರಿ ಊಟ ಬೇಕು. ಅಷ್ಟು ಊಟದಲ್ಲಿ 1000 ಮಿಗ್ರಾಂ ಕ್ಯಾಲ್ಸಿಯಂ ಆದರೂ ಇರಬೇಕು. ಅವಳಿಗೆ ಹಾಕುವ ಕಾಲು ಕೆಜಿ ಕೋಳಿ, ಅನ್ನ, ತರಕಾರಿ ಎಲ್ಲಾ ಸೇರಿಸಿದರೂ 100 ಮಿಗ್ರಾಂ ದಾಟುವುದು ಕಷ್ಟ. ಇನ್ನೊಂದು ಕಡೆ ಮಾಂಸದಲ್ಲಿ ಫಾಸ್ಫರಸ್ ತುಂಬಾ ಜಾಸ್ತಿ, ಅವಳ ಊಟದಲ್ಲಿ 600 ಮಿಗ್ರಾಂ ಮೇಲೆಯೇ ಇದೆ. ಫಾಸ್ಫರಸ್ ಒಂದು ಪಾಲಿದ್ದರೆ ಕ್ಯಾಲ್ಸಿಯಂ ಒಂದರಿಂದ ಎರಡು ಪಾಲು ಇರಬೇಕು. ನಮ್ಮಲ್ಲಿ ಪೂರ್ತಿ ತಲೆಕೆಳಗು. ಹೀಗೇ ನಡೆದರೆ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಹಾಕುತ್ತದೆ. ಹಾಗಾಗಿ ರಕ್ತ ಪರೀಕ್ಷೆಯಲ್ಲಿ ಎಲ್ಲಾ ಸರಿಯಾಗೇ ಕಾಣುತ್ತದೆ, ಒಳಗೆ ಮೂಳೆ ಸವೆಯುತ್ತಿರುತ್ತದೆ. ಬೆಳೆದ ನಾಯಿಯಲ್ಲಿ ಇದು ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಅದಕ್ಕೇ ನಾನು ಕೆಳಗಿನವನ್ನು ತೂಗಿದ್ದು ಲೆಕ್ಕದಿಂದ, ಅವಳ ಹೊಟ್ಟೆಗೆ ಒಗ್ಗಿತೋ ಇಲ್ಲವೋ ಅನ್ನುವುದರಿಂದ. ಕೂದಲಿನ ಹೊಳಪು ನೋಡಿ ಅಲ್ಲ.

ಮೊದಲು ರಾಗಿ. ಎಲ್ಲರೂ ಹೇಳುವುದು ಅದನ್ನೇ ಅಲ್ವಾ? 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ, ಧಾನ್ಯಗಳಲ್ಲಿ ಅದು ದೊಡ್ಡ ಮಾತು. ಬೆಳ್ಳಿ ಅಂಬಲಿಯನ್ನು ಇಷ್ಟಪಟ್ಟು ಕುಡಿದಳು. ಆದರೆ ರಾಗಿಯಿಂದಲೇ 1000 ಮಿಗ್ರಾಂ ಬೇಕೆಂದರೆ 300 ಗ್ರಾಂ ಹಿಟ್ಟು ಬೇಕು. ಇಡೀ ದಿನದ ಕ್ಯಾಲೊರಿ ಅದರಲ್ಲೇ ಮುಗಿಯುತ್ತದೆ, ಕೋಳಿಗೆ ಜಾಗವೇ ಇಲ್ಲ. ರಾಗಿಯಲ್ಲಿರುವ ಫೈಟೇಟ್ ಬೇರೆ ಒಂದಷ್ಟು ಕ್ಯಾಲ್ಸಿಯಂ ಮೈಗೆ ಹತ್ತದ ಹಾಗೆ ಹಿಡಿದಿಡುತ್ತದೆ. ಅನ್ನದ ಬದಲು ಹಾಕಲು ರಾಗಿ ಒಳ್ಳೆಯದೇ. ಅದೊಂದನ್ನೇ ನಂಬಿ ಕೂರಲು ಆಗಲ್ಲ.

ಮೊಸರಿನ ಕಥೆಯೂ ಇಷ್ಟೇ. ಒಂದು ಬಟ್ಟಲು ಕೊಟ್ಟರೆ 250 ಮಿಗ್ರಾಂ ಆಸುಪಾಸು ಸಿಗುತ್ತದೆ. ಎರಡನೇ ಬಟ್ಟಲಿಗೆ ಬೆಳ್ಳಿಗೆ ಭೇದಿ ಶುರುವಾಯಿತು.

ಆಮೇಲೆ ಸಿರಪ್. ನಾನು ತಂದ ಬಾಟಲಿ ಮೇಲೆ 5 ಮಿಲಿಗೆ 82 ಮಿಗ್ರಾಂ ಕ್ಯಾಲ್ಸಿಯಂ ಅಂತ ಬರೆದಿತ್ತು. ಅಂಗಡಿಯವರು ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು ಚಮಚ ಅಂದರು. ಅಂದರೆ ದಿನಕ್ಕೆ 164 ಮಿಗ್ರಾಂ. ಅವಳ ಊಟದ ಕೊರತೆ ತುಂಬಲು ದಿನಾ 50 ಮಿಲಿಗೂ ಮೇಲೆ ಕುಡಿಸಬೇಕು! ಜೊತೆಗೆ ಅದರಲ್ಲಿದ್ದದ್ದು ಕ್ಯಾಲ್ಸಿಯಂ ಫಾಸ್ಫೇಟ್. ನಮಗೆ ಜಾಸ್ತಿಯಾಗಿರುವ ಫಾಸ್ಫರಸ್ಸೇ ಮತ್ತೆ ಬಂತು. ವಿಟಮಿನ್ ಡಿ ಕೂಡ ಸೇರಿರುವುದರಿಂದ ಸುಮ್ನೆ ಪ್ರಮಾಣ ಏರಿಸುವುದು ಅಪಾಯ. ಕೊಳ್ಳುವ ಮೊದಲು ಲೇಬಲ್ ತಿರುಗಿಸಿ ಓದಿ ಎಂದು ಎಲ್ಲರಿಗೂ ಹೇಳುತ್ತೇನೆ.

ಕೊನೆಗೆ ಗೆದ್ದಿದ್ದು ಮೊಟ್ಟೆ ಸಿಪ್ಪೆ. ಅದು ಹೆಚ್ಚುಕಡಿಮೆ ಪೂರ್ತಿ ಕ್ಯಾಲ್ಸಿಯಂ ಕಾರ್ಬೋನೇಟ್. ಫಾಸ್ಫರಸ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೂಳೆ ಇಲ್ಲದ ಮಾಂಸದ ಊಟಕ್ಕೆ ಬೇಕಾಗಿರುವುದೇ ಅದು. ಒಂದು ದೊಡ್ಡ ಮೊಟ್ಟೆಯ ಸಿಪ್ಪೆಯಲ್ಲಿ ಸುಮಾರು 2000 ಮಿಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ಹಾಗಾಗಿ ಬೆಳ್ಳಿಗೆ ದಿನಕ್ಕೆ ಅರ್ಧ ಸಿಪ್ಪೆ ಸಾಕು, ಪುಡಿಯಾದರೆ ಅರ್ಧ ಟೀ ಚಮಚ. ಸಿಪ್ಪೆಯನ್ನು ತೊಳೆದು, ಹತ್ತು ನಿಮಿಷ ಕುದಿಸಿ ಒಣಗಿಸುತ್ತೇನೆ. ಮಳೆಗಾಲದಲ್ಲಿ ಬಿಸಿಲೆಲ್ಲಿ? ಬಚ್ಚಲೊಲೆ ಪಕ್ಕದ ಕಟ್ಟೆ ಮೇಲೆ ತಟ್ಟೆಯಲ್ಲಿ ಹರಡಿಟ್ಟರೆ ಮಾರನೇ ದಿನಕ್ಕೆ ಮುಟ್ಟಿದರೆ ಪಟ್ಟನೆ ಮುರಿಯುತ್ತದೆ. ಆಮೇಲೆ ಮಿಕ್ಸಿಯ ಸಣ್ಣ ಜಾರಿಗೆ. ಮೊದಲ ಸಲ ತರಿತರಿಯಾಗಿ ಬಿಟ್ಟಿದ್ದೆ, ಬೆಳ್ಳಿ ಅನ್ನ ತಿಂದು ತರಿಯನ್ನೆಲ್ಲಾ ತಟ್ಟೆಯ ತಳದಲ್ಲಿ ಉಳಿಸಿದಳು. ಈಗ ಮೈದಾ ಜರಡಿಯಲ್ಲಿ ಜರಡಿ ಹಿಡಿಯುತ್ತೇನೆ, ಬೆರಳಲ್ಲಿ ಉಜ್ಜಿದರೆ ಮುಖಕ್ಕೆ ಹಾಕುವ ಪೌಡರ್ ಹಾಗಿರಬೇಕು. ಮಲ ಬಿಳಿಯಾಗಿ, ಸೀಮೆಸುಣ್ಣದಂತೆ ಗಟ್ಟಿಯಾದರೆ ಪುಡಿ ಜಾಸ್ತಿಯಾಗಿದೆ ಎಂದು ಅರ್ಥ. ನಾನು ಒಂದು ವಾರ ತುಂಬಿದ ಚಮಚ ಹಾಕಿದಾಗ ಹಾಗೇ ಆಗಿತ್ತು.

ಮನೆಯಲ್ಲಿ ಸುಣ್ಣ ಇದೆ, ಎಲೆಗೆ ಹಚ್ಚುವುದನ್ನೇ ಚೂರು ಹಾಕು ಎಂದವರಿದ್ದಾರೆ. ದಯವಿಟ್ಟು ಬೇಡ, ಬಾಯಿ, ಗಂಟಲು ಸುಡುತ್ತದೆ. ಅಡಿಕೆ ತೋಟಕ್ಕೆ ತಂದ ಎಲುಬಿನ ಪುಡಿ, ಹಸುವಿನ ಖನಿಜ ಮಿಶ್ರಣ ಕೂಡ ನಾಯಿಗಲ್ಲ.

ಇಷ್ಟೆಲ್ಲಾ ನೋಡಿದ ಮೇಲೂ ಸಾಗರದ ಅಣ್ಣನ ಮನೆಯ ಲ್ಯಾಬ್ರಡಾರ್ ಮರಿಗೆ ನಾನು ತಪ್ಪು ಸಲಹೆ ಕೊಡುವುದರಲ್ಲಿದ್ದೆ. ಮೂರು ತಿಂಗಳ ಮರಿ, ಮುಂಗಾಲು ಸ್ವಲ್ಪ ಹೊರಕ್ಕೆ ತಿರುಗಿತ್ತು. ಮಳೆಗಾಲ, ಬಿಸಿಲು ಬೀಳಲ್ಲ, ಅದಕ್ಕೇ ಹೀಗೆ ಎಂದು ಎಲ್ಲರೂ ಅಂದರು. ಅತ್ತಿಗೆ ನನ್ನ ಪುಡಿ ಕೇಳಿದರು, ಡಬ್ಬಿ ತೆಗೆದುಕೊಂಡೇ ಹೋಗಿದ್ದೆ. ಅವರು ಹಾಕುತ್ತಿದ್ದದ್ದು ಚೀಲದಲ್ಲಿ ಬರುವ ಮರಿಗಳ ಫುಡ್, ಮೇಲೆ ಕ್ಯಾಲ್ಸಿಯಂ ಮಾತ್ರೆ ಬೇರೆ. ಶಿವಮೊಗ್ಗಕ್ಕೆ ಕರೆದುಕೊಂಡು ಹೋದಾಗ ಡಾಕ್ಟರ್ ಮಾತ್ರೆ, ಪುಡಿ ಎರಡನ್ನೂ ಪಕ್ಕಕ್ಕೆ ಇಡಿಸಿದರು. "ಆ ಚೀಲದಲ್ಲೇ ಎಲ್ಲಾ ಇದೆ ಅಮ್ಮ, ಮೇಲೆ ಏನೂ ಹಾಕಬೇಡಿ." ಬೆಳೆದ ನಾಯಿಯ ಕರುಳು ಬೇಡದ ಕ್ಯಾಲ್ಸಿಯಂ ಅನ್ನು ಹೊರಗೆ ಬಿಡುತ್ತದೆ. ಆರು ತಿಂಗಳೊಳಗಿನ ಮರಿಗೆ ಆ ತಡೆ ಇನ್ನೂ ಸರಿಯಾಗಿ ಬಂದಿರುವುದಿಲ್ಲ, ಜಾಸ್ತಿ ಕೊಟ್ಟಷ್ಟೂ ಜಾಸ್ತಿ ಒಳಗೆ ಹೋಗುತ್ತದೆ. ನೆದರ್ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಗ್ರೇಟ್ ಡೇನ್ ಮರಿಗಳಿಗೆ ಜಾಸ್ತಿ ಕ್ಯಾಲ್ಸಿಯಂ ಕೊಟ್ಟು ನೋಡಿದಾಗ ಮೂಳೆ, ಕೀಲಿನ ಬೆಳವಣಿಗೆಯೇ ಕೆಟ್ಟಿತ್ತು. ಬಿಸಿಲಿನ ಮಾತೂ ನಾಯಿಗೆ ಹೊಂದುವುದಿಲ್ಲ. ನಮ್ಮ ಹಾಗೆ ಅವು ಚರ್ಮದಲ್ಲಿ ಬೇಕಾದಷ್ಟು ವಿಟಮಿನ್ ಡಿ ಮಾಡಿಕೊಳ್ಳಲ್ಲ, ಅದು ಊಟದಿಂದಲೇ ಬರಬೇಕು. ಅಣ್ಣ ಜಾರುವ ಟೈಲ್ಸ್ ಮೇಲೆ ಗೋಣಿ ಹಾಸಿದ, ಊಟ ಅಳೆದು ಹಾಕಿದ. ಮರಿ ಈಗ ಚೆನ್ನಾಗಿ ಓಡುತ್ತಿದೆ.

ಬರೀ ಅನ್ನ, ಮಾಂಸ ತಿನ್ನುವ ಮರಿಯದು ಇದಕ್ಕೆ ಪೂರ್ತಿ ಉಲ್ಟಾ. ಅಷ್ಟೇ ಕ್ಯಾಲೊರಿಗೆ ಬೆಳೆದ ನಾಯಿಗಿಂತ ಮೂರು ಪಟ್ಟು ಕ್ಯಾಲ್ಸಿಯಂ ಬೇಕು. ಇಲ್ಲದಿದ್ದರೆ ಕುಂಟುತ್ತದೆ, ಸುಮ್ನೆ ಹಾರಿದರೂ ಮೂಳೆ ಮುರಿಯಬಹುದು. ಅಲ್ಲಿ ಅರ್ಧ ಚಮಚ, ಮುಕ್ಕಾಲು ಚಮಚ ಎಂದು ಅಂದಾಜು ಮಾಡುವ ಧೈರ್ಯ ನನಗಿಲ್ಲ, ಮರಿಯನ್ನು ತೂಗಿ ಡಾಕ್ಟರ್ ಹೇಳಬೇಕು.

ಗಬ್ಬದ ನಾಯಿಗೂ ಪ್ರೀತಿಯಿಂದ ಕ್ಯಾಲ್ಸಿಯಂ ತುಂಬಬೇಡಿ. ಮೊದಲೇ ಜಾಸ್ತಿ ಕೊಟ್ಟರೆ, ಹಾಲೂಡಿಸುವಾಗ ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವ ಕೆಲಸವನ್ನು ದೇಹ ನಿಧಾನ ಮಾಡಿಬಿಡುತ್ತದೆ, ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯಬಹುದು. ಮರಿ ಹಾಕಿದ ಮೊದಲ ನಾಲ್ಕು ವಾರದಲ್ಲಿ, ಅದರಲ್ಲೂ ಜಾಸ್ತಿ ಮರಿ ಹಾಕಿದ ಸಣ್ಣ ಜಾತಿಯ ತಾಯಿ ಏದುಸಿರು ಬಿಡುತ್ತಾ, ಕಾಲು ಸೆಟೆದುಕೊಂಡು ನಡುಗಿದರೆ ಪುಡಿ, ಸಿರಪ್ ಹುಡುಕುತ್ತಾ ಕೂರಬೇಡಿ. ಮರಿಗಳನ್ನು ಹಾಲಿನಿಂದ ಬಿಡಿಸಿ, ನಡುರಾತ್ರಿಯಾದರೂ ಗಾಡಿ ತೆಗೆಯಿರಿ. ಆಗ ಬೇಕಾಗುವ ಕ್ಯಾಲ್ಸಿಯಂ ಡಾಕ್ಟರ್ ನಿಧಾನವಾಗಿ ರಕ್ತನಾಳಕ್ಕೆ ಕೊಡುವಂಥದ್ದು.